ಗರ್ಭಕೋಶದ ಬೇನೆ ಮತ್ತು ಗಂಡ-ಹೆಂಡಿರ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಸ್ತ್ರೀರೋಗ ವೈದ್ಯೆ. ಚಿಂಚೋಳಿ, ಜೇವರ್ಗಿ, ಶಹಾಪುರ, ಹುಮನಾಬಾದ್ ಕಡೆಯಿಂದ ಬರುವ ಹೆಂಗಸರು ಮೊದಲು ಹೇಳುವುದು "ಸೊಂಟ ಹಿಡದದ", "ಕೆಳಗ ಉರಿಲತದ", "ಬಿಳಿ ಹೋಗ್ಲತದ" ಎಂದು. ಚೀಟಿ ಬರೆದು ಕೊಟ್ಟ ಮೇಲೂ ಕೆಲವರು ಕುರ್ಚಿ ಬಿಟ್ಟು ಏಳುವುದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಅತ್ತೆ ಹೊರಗೆ ಹೋದಳೇ ಎಂದು ಪರದೆಯ ಕಡೆ ನೋಡುತ್ತಾರೆ, ಆಮೇಲೆ ದನಿ ಇಳಿಸಿ "ಅವರ ಹತ್ರ ಹೋಗ್ಲಿಕ್ಕೆ ಆಗವಲ್ದು, ಮೇಡಂ" ಅನ್ನುತ್ತಾರೆ. ಎರಡು ಬಸ್ಸು ಬದಲಿಸಿ ಬಂದದ್ದೇ ಆ ಮಾತಿಗಾಗಿ. ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಸಾಧ್ಯವಾದಷ್ಟು ಅವರ ಮಾತಿನಲ್ಲೇ, ಇಲ್ಲಿ ಬರೆದಿದ್ದೇನೆ. ಯಾರ ಗುರುತೂ ಇದರಲ್ಲಿ ಇಲ್ಲ.

"ಕೂಡುವಾಗ ನೋವಾಗೋದು ಎಲ್ಲಾ ಹೆಂಗಸರಿಗೂ ಇರೋದೇ ಅಲ್ಲೇನ್ರಿ?"

ಅಲ್ಲ. ಮೊದಲ ಸಲ ಸ್ವಲ್ಪ ಬಿಗಿತ, ಉರಿ ಅನಿಸಬಹುದು. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವು ಉಳಿದರೆ ಅದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಹಣೆಬರಹ ಅಂತ ಹಲ್ಲು ಕಚ್ಚಿ ಮಲಗುವ ಹೆಂಗಸರನ್ನು ನೋಡಿದಾಗ ನನಗೆ ಹೊಟ್ಟೆ ಸಂಕಟವಾಗುತ್ತದೆ. ಅವರಲ್ಲಿ ಬಹಳ ಮಂದಿಯ ನೋವಿಗೆ ಔಷಧಿ ಇದೆ.

ನೀವು ನನಗೆ ಒಂದೇ ಒಂದು ವಿಷಯ ಹೇಳಿದರೂ ಅರ್ಧ ಕೆಲಸ ಆದಂತೆ: ನೋವು ಬಾಯಿಯಲ್ಲೋ, ಆಳದಲ್ಲೋ? ಒಳಗೆ ಹೋಗುವ ಹೊತ್ತಿಗೇ, ಯೋನಿಯ ಬಾಯಿಯಲ್ಲೇ ಉರಿ, ಕೊಯ್ದಂಥ ನೋವು ಬಂದರೆ ಸೋಂಕು, ಒಣಗುವಿಕೆ, ಹೆರಿಗೆಯ ಹೊಲಿಗೆಯ ಗಾಯ, ಸ್ನಾಯು ಬಿಗಿಯುವುದು, ಬಾಯಿಯ ಪಕ್ಕದ ಗ್ರಂಥಿ ಊದಿಕೊಂಡಿರುವುದು ಇಂಥವನ್ನು ಹುಡುಕುತ್ತೇವೆ. ಒಳಗೆ ಹೋದ ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ಬಡಿದಂತೆ ಆದರೆ ಗರ್ಭಕೋಶ, ಅಂಡಾಶಯ, ನಳಿಕೆಗಳ ಕಡೆ ನೋಡುತ್ತೇವೆ. ಮುಟ್ಟಿನ ದಿನಗಳ ಹತ್ತಿರ ಹೆಚ್ಚಾಗುತ್ತದೆಯೇ, ಕೂಡಿದ ಮರುದಿನವೂ ಇರುತ್ತದೆಯೇ ಎಂಬುದನ್ನೂ ಗಮನಿಸಿ ಬನ್ನಿ.

ಇನ್ನೊಂದು ಮಾತು. ಆರು ತಿಂಗಳು ನೋವು ತಿಂದ ದೇಹ ಏಳನೇ ತಿಂಗಳು ನೋವು ಬರುವ ಮೊದಲೇ ಬಿಗಿಯುತ್ತದೆ. ಬಿಗಿದರೆ ಒಳಗೆ ಒಣಗುತ್ತದೆ, ಒಣಗಿದರೆ ಮತ್ತೆ ನೋವು. ಹೀಗಾಗಿ ಮೂಲ ಬೇನೆ ವಾಸಿಯಾದ ಮೇಲೂ ಕೆಲವರಿಗೆ ಹೆದರಿಕೆ ಉಳಿಯುತ್ತದೆ. ಅದು ನಾಟಕವಲ್ಲ, ಸೊಕ್ಕೂ ಅಲ್ಲ. ಅದಕ್ಕೂ ಸಮಯ ಕೊಡಬೇಕು.

"ಬಿಳಿ ಹೋಗ್ಲತದ. ಎಲುಬು ಕರಗಿ ಹೋಗ್ತದಂತಾರ, ಖರೇನ?"

ಎಲುಬು ಕರಗುವುದಿಲ್ಲ. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುವ ಅಂಗ, ಸ್ವಲ್ಪ ಬಿಳಿ ಹೋಗುವುದು ಅದರ ಸಹಜ ಕೆಲಸ. ಎರಡು ಮುಟ್ಟಿನ ನಡುವೆ ಮೊಟ್ಟೆಯ ಬಿಳಿಯಂತೆ ಜಿಗುಟಾಗಿ ಹೋಗುವುದೂ ಸಹಜ. ವಾಸನೆ, ತುರಿಕೆ, ಉರಿ, ಬಣ್ಣ ಬದಲಾದರೆ ಮಾತ್ರ ಬೇನೆ.

ಒಡೆದ ಮೊಸರಿನಂತೆ ಗಟ್ಟಿಯಾಗಿ ಹೋಗಿ ವಿಪರೀತ ತುರಿಸಿದರೆ ಹೆಚ್ಚಾಗಿ ಅದು ಬೂಷ್ಟಿನ ಸೋಂಕು, ಅಂದರೆ ಕ್ಯಾಂಡಿಡಾ. ಇದು ಮೇಲಿಂದ ಮೇಲೆ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಲೇಬೇಕು. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಹೀಗೆಯೇ ಮೊದಲ ಸಲ ಗೊತ್ತಾದ ಹೆಂಗಸರು ಇದ್ದಾರೆ. ಬೂದು ಬಣ್ಣದ ನೀರು ಹೋಗಿ, ಕೂಡಿದ ಮೇಲೆ ಮೀನಿನ ವಾಸನೆ ಬಂದರೆ ಯೋನಿಯೊಳಗಿನ ಒಳ್ಳೆಯ ಜೀವಾಣುಗಳು ಕಡಿಮೆಯಾಗಿ ಬೇರೆಯವು ಬೆಳೆದಿವೆ ಎಂದು ಅರ್ಥ. ಹಳದಿ-ಹಸಿರು, ನೊರೆ ನೊರೆ ಇದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕು ಇರಬಹುದು. ಇದು ಕೂಟದಿಂದ ಹರಡುವುದು, ಗಂಡನೂ ಅದೇ ಹೊತ್ತಿಗೆ ಗುಳಿಗೆ ನುಂಗದಿದ್ದರೆ ನಿಮಗೆ ತಿರುಗಿ ಬರುತ್ತದೆ.

ವಾಸನೆ ಹೋಗಲಿ ಎಂದು ಸಾಬೂನು, ಡೆಟಾಲ್ ಹಾಕಿ ಒಳಗೆ ತೊಳೆಯುವವರು ಬಹಳ. ದಯವಿಟ್ಟು ಬಿಡಿ. ಒಳಗಿನ ಒಳ್ಳೆಯ ಜೀವಾಣುಗಳೂ ಸತ್ತು ಬೇನೆ ಹೆಚ್ಚಾಗುತ್ತದೆ, ಚರ್ಮ ಸುಟ್ಟು ಕೂಡುವಾಗ ಇನ್ನಷ್ಟು ಉರಿಯುತ್ತದೆ. ಹೊರಗೆ ಬರೀ ನೀರು ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ನೈಲಾನ್ ಒಳಉಡುಪು ಹಾಕಿ ದಿನವಿಡೀ ಹೊಲದಲ್ಲಿದ್ದರೆ ತೊಡೆಸಂದು ಬೆಂದುಹೋಗುತ್ತದೆ. ಹತ್ತಿಯದ್ದೇ ಇರಲಿ, ಬಿಸಿಲಿಗೆ ಒಣಗಲಿ. ನಾಚಿಕೆಗೆ ಸೀರೆಯ ಅಡಿಗೆ, ಬಚ್ಚಲ ಮೂಲೆಗೆ ಹಾಕಿ ಒಣಗಿಸಿದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಇಂಥ ಸೋಂಕುಗಳಿಗೆ ಬಣ್ಣಬಣ್ಣದ ಕಿಟ್‌ಗಳಲ್ಲಿ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಬಿಳಿ ಹೋಗುವುದಕ್ಕೆ ಸಾಮಾನ್ಯವಾಗಿ ಹಸಿರು ಕಿಟ್, ಕಿಬ್ಬೊಟ್ಟೆಯ ಸೋಂಕಿಗೆ ಹಳದಿ. ಬಸುರಿಯಾಗಿದ್ದರೆ ಅಥವಾ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ, ಗುಳಿಗೆ ಬೇರೆಯಾಗುತ್ತದೆ.

ಆಳದಲ್ಲಿ ನೋವು ಬಂದರೆ ಏನೇನು ಇರಬಹುದು?

ಎಂಡೊಮೆಟ್ರಿಯೋಸಿಸ್ ಎಂಬ ಬೇನೆಯ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ಕೇಳಿದವರು ಕಡಿಮೆ, ಅನುಭವಿಸಿದವರು ಕಡಿಮೆಯಲ್ಲ. ಸಂತಾನೋತ್ಪತ್ತಿಯ ವಯಸ್ಸಿನ ಹೆಂಗಸರಲ್ಲಿ ಸುಮಾರು 10 ಪ್ರತಿಶತ ಮಂದಿಗೆ ಇದು ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆಯುತ್ತದೆ. ಮುಟ್ಟು ಬಂದಾಗ ಅದೂ ಊದಿ ರಕ್ತ ಬಿಡುತ್ತದೆ, ಆ ರಕ್ತಕ್ಕೆ ಹೊರದಾರಿ ಇಲ್ಲ. ಅಂಗಗಳು ಒಂದಕ್ಕೊಂದು ಅಂಟುತ್ತವೆ. ಅದಕ್ಕೇ ಮುಟ್ಟಿನಲ್ಲಿ ಎದ್ದು ನಿಲ್ಲಲಾಗದ ನೋವು, ಸಂಡಾಸಿಗೆ ಕೂತಾಗ ನೋವು, ಕೂಡುವಾಗ ಆಳದಲ್ಲಿ ಚುಚ್ಚು. "ಮದುವಿ ಆದ್ರ ಸರಿ ಹೋಗ್ತದ" ಎಂದು ಮುಟ್ಟುನೋವಿನ ಹುಡುಗಿಯರಿಗೆ ಹೇಳುತ್ತಾರಲ್ಲ, ಈ ಬೇನೆ ಇದ್ದವಳಿಗೆ ಮದುವೆಯ ನಂತರ ಎರಡನೇ ನೋವು ಸೇರುತ್ತದೆ ಅಷ್ಟೇ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಇರಬಹುದು, ಹಾಗೆಂದು ನೋವು ಸುಳ್ಳಲ್ಲ. ಹಾರ್ಮೋನ್ ಗುಳಿಗೆಗಳಿಂದ ಬಹಳ ಮಂದಿಗೆ ಆರಾಮ ಸಿಗುತ್ತದೆ, ಕೆಲವರಿಗೆ ದುರ್ಬೀನು ಆಪರೇಷನ್ ಬೇಕಾಗುತ್ತದೆ.

ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ ಎಂದರೆ ಹೆದರುತ್ತಾರೆ. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗಡ್ಡೆ ಎಲ್ಲಿದೆ ಎಂಬುದರ ಮೇಲೆ ತೊಂದರೆ: ಕೆಲವುಗಳಿಂದ ಏನೂ ಆಗುವುದಿಲ್ಲ, ಕೆಲವು ಮುಟ್ಟಿನಲ್ಲಿ ರಕ್ತ ಸುರಿಸುತ್ತವೆ, ಕೆಲವು ಕೂಡುವಾಗ ಒತ್ತುತ್ತವೆ. ಅಂಡಾಶಯದ ನೀರುಗಡ್ಡೆಗಳೂ ಹಾಗೆಯೇ.

ಕಿಬ್ಬೊಟ್ಟೆಯ ಸೋಂಕನ್ನು ಅರ್ಧಕ್ಕೆ ಬಿಡಬಾರದು. ಕೂಟದಿಂದ ಬಂದ ಸೋಂಕು, ಅಥವಾ ಸ್ವಚ್ಛವಿಲ್ಲದ ಕಡೆ ಗರ್ಭಪಾತ ಮಾಡಿಸಿದ ಮೇಲಿನ ಸೋಂಕು ನಳಿಕೆಗಳನ್ನು ಅಂಟಿಸಿಬಿಡುತ್ತದೆ. ಆಮೇಲೆ ನೋವು ಉಳಿಯುತ್ತದೆ, ಮಕ್ಕಳಾಗುವುದೂ ಕಷ್ಟ. ಕ್ಷಯ ಬರೀ ಎದೆಯದ್ದಲ್ಲ, ಗರ್ಭಕೋಶಕ್ಕೂ ಬರುತ್ತದೆ. ಮುಟ್ಟು ಕಡಿಮೆಯಾಗುತ್ತ ಬಂದು, ಕಿಬ್ಬೊಟ್ಟೆ ನೋಯುತ್ತಿದ್ದು, ಮಕ್ಕಳಾಗದಿದ್ದರೆ ಅದನ್ನೂ ನೆನಪಿಡಬೇಕು.

ಚಿಕಿತ್ಸೆ ನಡೆದಿರುವಾಗ ಹೆಂಡತಿ ಮೇಲೆ, ಅಥವಾ ಇಬ್ಬರೂ ಮಗ್ಗುಲಾಗಿ ಮಲಗಿದರೆ ಎಷ್ಟು ಆಳ ಎಂಬುದು ಅವಳ ಕೈಯಲ್ಲಿರುತ್ತದೆ. ಇಷ್ಟು ಹೇಳಿದ್ದಕ್ಕೇ ಮುಂದಿನ ಸಲ ನಗುತ್ತ ಬಂದವರಿದ್ದಾರೆ.

"ಮದುವಿಯಾಗಿ ಎಂಟ್ ತಿಂಗಳಾತು, ಒಮ್ಮಿನೂ ಆಗಿಲ್ಲ. ಅವರು ಮುಟ್ಟಿದ್ರ ಕಾಲು ತಾವೇ ಕೂಡ್ತಾವ."

ಈ ಮಾತು ಹೇಳಿದ ಹುಡುಗಿ ಹತ್ತೊಂಬತ್ತರವಳು. ಪರೀಕ್ಷೆ ಮಾಡುವ ಮೇಜಿನ ಮೇಲೆ ಮಲಗಿದಾಗ ನಾನು ಅವಳ ಮೊಣಕಾಲಿನ ಮೇಲೆ ಕೈ ಇಟ್ಟಿದ್ದೆ, ಅಷ್ಟೇ. ಎರಡೂ ತೊಡೆ ನಡುಗಿ ಒಂದಕ್ಕೊಂದು ಅಂಟಿದವು, ಹಾಸಿಗೆಯ ರಬ್ಬರ್ ಹಾಳೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು. ಆ ದಿನ ನಾನು ಪರೀಕ್ಷೆ ಮಾಡಲಿಲ್ಲ. ಕೂಡಿಸಿ, ನೀರು ಕೊಟ್ಟು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಮೂತ್ರದ ದಾರಿ ಬೇರೆ, ಯೋನಿ ಬೇರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಇದಕ್ಕೆ ವೆಜೈನಿಸ್ಮಸ್ ಎನ್ನುತ್ತೇವೆ. ಕಣ್ಣಿಗೆ ಏನಾದರೂ ಬಂದರೆ ರೆಪ್ಪೆ ತಾನೇ ಮುಚ್ಚುತ್ತದಲ್ಲ, ಹಾಗೆ ಯೋನಿಯ ಸುತ್ತಲ ಸ್ನಾಯು ತಾನೇ ಬಿಗಿಯುತ್ತದೆ. ಅವಳು ಬೇಕೆಂದು ಮಾಡುವುದಲ್ಲ. "ಪೊರೆ ದಪ್ಪ ಅದ, ಕೊಯ್ಯಬೇಕು" ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ, ಅಂಥದ್ದು ನಿಜವಾಗಿ ಇರುವುದು ಅಪರೂಪ. ಚಿಕಿತ್ಸೆ ನಿಧಾನದ್ದು: ಉಸಿರು ಬಿಟ್ಟು ಸ್ನಾಯು ಸಡಿಲ ಮಾಡುವುದು ಕಲಿಯುವುದು, ಮೊದಲು ತನ್ನದೇ ಬೆರಳು, ಆಮೇಲೆ ಸಣ್ಣದರಿಂದ ದೊಡ್ಡದಕ್ಕೆ ಡೈಲೇಟರ್ (ಯೋನಿಯನ್ನು ಮೆಲ್ಲಗೆ ಸಡಿಲಿಸುವ ನಯವಾದ ಕಡ್ಡಿ), ಜೊತೆಗೆ ಕೌನ್ಸೆಲಿಂಗ್. ಅಷ್ಟು ದಿನ ಗಂಡ ಒತ್ತಾಯ ಮಾಡಬಾರದು. ಆ ಹುಡುಗಿಯ ಗಂಡ ಮೂರನೇ ಸಲ ತಾನೂ ಒಳಗೆ ಬಂದು ಕೂತ, ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಐದು ತಿಂಗಳಲ್ಲಿ ಸರಿಹೋಯಿತು.

ಇಲ್ಲೇ ಹೇಳಬೇಕಾದದ್ದೊಂದಿದೆ. ನಮ್ಮ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹದಿನೆಂಟು ತುಂಬದ ಹುಡುಗಿಯ ಜೊತೆ ಗಂಡನೇ ಕೂಡಿದರೂ ಅದು ಅತ್ಯಾಚಾರ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅಂಥ ಹುಡುಗಿಯ ಭಯಕ್ಕೆ ಡೈಲೇಟರ್ ಔಷಧಿಯಲ್ಲ. 1098 ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ಫೋನ್ ಮಾಡಬಹುದು.

ಪಿಸಿಓಎಸ್ ಇದ್ದರೆ ಸಂಸಾರಕ್ಕೆ ತೊಂದರೆಯೇ?

ಪಿಸಿಓಎಸ್ ಎಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದಿಂದ ಮೊಟ್ಟೆ ಸರಿಯಾಗಿ ಬಿಡುಗಡೆಯಾಗದ ಬೇನೆ. ಅದು ಇದ್ದ ಮಾತ್ರಕ್ಕೆ ಕೂಡುವಾಗ ನೋವಾಗುವುದಿಲ್ಲ. ತೊಂದರೆ ಬೇರೆ ದಾರಿಯಿಂದ ಬರುತ್ತದೆ. ಗದ್ದದ ಮೇಲೆ ಕೂದಲು, ಮೊಡವೆ, ತೂಕ, ತಿಂಗಳು ತಿಂಗಳು ಬಾರದ ಮುಟ್ಟು, "ಇನ್ನೂ ಏನೂ ಇಲ್ಲೇನು?" ಎಂಬ ಬೀಗರ ಪ್ರಶ್ನೆ. ಕನ್ನಡಿ ನೋಡಲು ಬೇಸರವಾದವಳಿಗೆ ಗಂಡನ ಮುಂದೆ ಸೀರೆ ಬಿಚ್ಚುವುದೂ ಬೇಸರವೇ. ಮಗುವಿಗಾಗಿ ತಾರೀಖು ನೋಡಿ ಕೂಡಲು ಶುರುಮಾಡಿದರೆ ಅದು ಸುಖ ಹೋಗಿ ಡ್ಯೂಟಿಯಾಗುತ್ತದೆ. ತೂಕ ಹೆಚ್ಚಿದ್ದವರು ಅದರ 5ರಿಂದ 10 ಪ್ರತಿಶತ ಇಳಿಸಿದರೂ ಬಹಳ ಸಲ ಮುಟ್ಟು ದಾರಿಗೆ ಬರುತ್ತದೆ. ಗುಳಿಗೆಗಳೂ ಇವೆ. ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು: ತಡವಾಗಬಹುದು, ಸಹಾಯ ಬೇಕಾಗಬಹುದು, ಆದರೆ ಬಹುಪಾಲು ಮಂದಿಗೆ ಆಗುತ್ತವೆ.

ಹೆರಿಗೆಯಾದ ಮೇಲೆ ಯಾವಾಗ ಕೂಡಬಹುದು?

ಸಾಮಾನ್ಯವಾಗಿ ಆರು ವಾರ ಬಿಡಲು ಹೇಳುತ್ತೇವೆ. ಮೂರು, ಐದು ತಿಂಗಳು ಬಾಣಂತಿ ತವರುಮನೆಯಲ್ಲಿರುವ ನಮ್ಮ ಪದ್ಧತಿ ಆ ಮಟ್ಟಿಗೆ ಒಳ್ಳೆಯದೇ. ಆದರೆ ಅವಳು ಗಂಡನ ಮನೆಗೆ ಬಂದ ರಾತ್ರಿಯೇ ಎಲ್ಲ ಮೊದಲಿನಂತೆ ಇರಬೇಕೆಂಬ ನಿರೀಕ್ಷೆ ತಪ್ಪು. ಎದೆಹಾಲು ಕುಡಿಸುವಾಗ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆ ಇರುತ್ತದೆ, ಯೋನಿ ಒಣಗಿರುತ್ತದೆ. ಹೊಲಿಗೆಯ ಜಾಗ ಬಿಗಿದಿರಬಹುದು. ಅಂಗಡಿಯಲ್ಲಿ ಸಿಗುವ ನೀರಿನಂಶದ ಲೂಬ್ರಿಕೆಂಟ್ ಜೆಲ್ ಹಚ್ಚಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ನಿರೋಧ್ ಹರಿಯುತ್ತದೆ, ನೆನಪಿರಲಿ. ಮೂರು ತಿಂಗಳ ನಂತರವೂ ಹೊಲಿಗೆಯ ಜಾಗ ಮುಟ್ಟಿದರೆ ನೋಯುತ್ತಿದ್ದರೆ ತೋರಿಸಿ. ಮುಟ್ಟು ಇನ್ನೂ ಬಂದಿಲ್ಲ ಎಂದು ಧೈರ್ಯವಾಗಿರಬೇಡಿ, ಮುಟ್ಟು ಬರುವ ಮೊದಲೇ ಬಸಿರು ನಿಲ್ಲಬಹುದು.

"ಗರ್ಭಚೀಲ ತೆಗಿಸಿದ್ರ ಎಲ್ಲಾ ತ್ರಾಸ ಹೋಗ್ತದಂತ. ತೆಗಿಸಿಬಿಡ್ಲೇನ್ರಿ?"

ಈ ಪ್ರಶ್ನೆಗೆ ನಾನು ಎಷ್ಟು ಉದ್ದ ಉತ್ತರ ಕೊಟ್ಟರೂ ಸಾಲದು.

ಬಿಳಿ ಹೋಗುವುದಕ್ಕೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಸೊಂಟ ನೋವಿಗೆ ಅಲ್ಲ. "ಮಕ್ಕಳಾಗ್ಯಾವ, ಇನ್ನ್ಯಾಕ ಬೇಕು?" ಎಂಬುದು ಕಾರಣವೇ ಅಲ್ಲ. "ತೆಗಿಸದಿದ್ರ ಕ್ಯಾನ್ಸರ್ ಆಗ್ತದ" ಎಂದು ಯಾವ ಪರೀಕ್ಷೆಯೂ ಇಲ್ಲದೆ ಹೆದರಿಸಿದರೆ ಆ ಬಾಗಿಲಿನಿಂದ ಎದ್ದು ಬನ್ನಿ. 2015ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದ ಸಂಗತಿ ಹೊರಬಂದು, ರಾಜ್ಯ ಮಹಿಳಾ ಆಯೋಗದವರೆಗೂ ಹೋಯಿತು. ಎಷ್ಟೋ ಮಂದಿಗೆ ನಲವತ್ತೂ ಆಗಿರಲಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಈಗಲೂ ಮೂವತ್ತೆರಡರ, ಮೂವತ್ತೈದರ ಹೆಂಗಸರು ಹೊಟ್ಟೆಯ ಮೇಲೆ ಅಡ್ಡ ಗೀರಿನ ಗುರುತು ಹೊತ್ತು ನನ್ನ ಮುಂದೆ ಕೂಡುತ್ತಾರೆ. ಯಾಕೆ ತೆಗೆದರು ಎಂದರೆ "ಬಾವು ಆಗಿತ್ತಂತ್ರಿ" ಅನ್ನುತ್ತಾರೆ. ಕಾಗದ ಕೇಳಿದರೆ ಕಾಗದ ಇಲ್ಲ.

ಬೇಕಾಗುವ ಸಂದರ್ಭಗಳೂ ಇವೆ. ಗುಳಿಗೆಗಳಿಗೆ ಬಗ್ಗದ ದೊಡ್ಡ ಗಡ್ಡೆ, ರಕ್ತ ಹಾಕಿಸುವಷ್ಟು ಸ್ರಾವ, ಕ್ಯಾನ್ಸರ್, ಪೂರ್ತಿ ಜಾರಿ ಹೊರಬಂದ ಗರ್ಭಕೋಶ. ಅಂಥವರಿಗೆ ಆಪರೇಷನ್ ಆದ ಮೇಲೆ ಸಂಸಾರ ಸುಖ ಹೆಚ್ಚಿದ್ದೂ ಇದೆ, ಏಕೆಂದರೆ ವರ್ಷಗಳ ರಕ್ತಸ್ರಾವ, ನೋವು ಹೋಯಿತು. ಆಸೆ ಇರುವುದು ಗರ್ಭಕೋಶದಲ್ಲಲ್ಲ, ಅದನ್ನು ತೆಗೆದರೆ ಹೆಂಗಸು "ಖಾಲಿ" ಆಗುವುದಿಲ್ಲ, ಗಂಡನಿಗೆ ಏನೂ ಅಪಾಯವಿಲ್ಲ. ಆರರಿಂದ ಎಂಟು ವಾರ, ಒಳಗಿನ ಹೊಲಿಗೆ ಕೂಡುವವರೆಗೆ, ದೂರವಿರಬೇಕು ಅಷ್ಟೇ.

ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆ: ಅಂಡಾಶಯವನ್ನೂ ತೆಗೆಯುತ್ತೀರೇನು? ಗರ್ಭಕೋಶದ ಜೊತೆ ಎರಡೂ ಅಂಡಾಶಯ ಹೋದರೆ, ಮುಟ್ಟು ನಿಲ್ಲುವ ವಯಸ್ಸಿಗೆ ಮೆಲ್ಲಗೆ ಆಗಬೇಕಾದದ್ದೆಲ್ಲ ಒಂದೇ ರಾತ್ರಿಯಲ್ಲಿ ಆಗುತ್ತದೆ. ಮೈಯೆಲ್ಲ ಬಿಸಿ, ನಿದ್ದೆ ಇಲ್ಲ, ಯೋನಿ ಒಣಗಿ ಮುಟ್ಟಿದರೆ ಸಾಕು ಉರಿ, ಆಸೆ ಸತ್ತಂತೆ. ಎಲುಬು, ಹೃದಯಕ್ಕೂ ಏಟು. ಮೂವತ್ತೈದರಲ್ಲಿ ಇದು ಆದರೆ ಮುಂದಿನ ಹತ್ತು-ಹನ್ನೆರಡು ವರ್ಷ ಯಾರು ಕೊಡುತ್ತಾರೆ? ನಿಮಗೆ ಈಗಾಗಲೇ ಹೀಗಾಗಿದ್ದರೆ ಸುಮ್ಮನಿರಬೇಡಿ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ವೈದ್ಯರು ನೋಡುತ್ತಾರೆ.

ಆಪರೇಷನ್ ಎಂದು ಯಾರು ಹೇಳಿದರೂ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಅಲ್ಲಿ ತೋರಿಸಬಹುದು. ರಕ್ತ ಸುರಿಯುತ್ತಿರುವ ತುರ್ತು ಬಿಟ್ಟರೆ ಒಂದು ವಾರ ತಡವಾದರೆ ಏನೂ ಆಗುವುದಿಲ್ಲ. ತೆಗೆದ ಮೇಲೆ ಡಿಸ್ಚಾರ್ಜ್ ಕಾಗದ, ತೆಗೆದ ಭಾಗವನ್ನು ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟ್ ಕೇಳಿ ಪಡೆಯಿರಿ.

ಮಕ್ಕಳಾಗದಂತೆ ಆಪರೇಷನ್ ಮಾಡಿಸಿದರೆ ಆಸೆ ಕಡಿಮೆಯಾಗುತ್ತದೆಯೇ?

ಇಲ್ಲ. ನಳಿಕೆ ಮಾತ್ರ ಕಟ್ಟುವುದು, ಅಂಡಾಶಯ ಹಾಗೆಯೇ ಇರುತ್ತದೆ. ವಂಕಿ, ಅಂದರೆ ಕಾಪರ್-ಟಿ ಹಾಕಿಸಿದವರ ಗಂಡಂದಿರು "ದಾರ ಚುಚ್ಚತದ" ಎಂದರೆ ಬಂದು ತೋರಿಸಿ, ದಾರ ಕತ್ತರಿಸಿ ಸಣ್ಣ ಮಾಡಬಹುದು.

"ಮೈ ಹೊರಗ ಬಂದದ. ಹಿಂಗಿದ್ದಾಗ ಕೂಡಬಹುದೇನ್ರಿ?"

ಹೆರಿಗೆಯಾದ ಮೂರನೇ ವಾರಕ್ಕೇ ನೀರಿನ ಕೊಡ ಹೊತ್ತವರು, ತೊಗರಿ ರಾಶಿಯ ಕಾಲಕ್ಕೆ ಚೀಲ ಎತ್ತಿದವರು, ಮೇಲಿಂದ ಮೇಲೆ ಹೆತ್ತವರು: ಗರ್ಭಕೋಶ ಜಾರಿದ ಹೆಂಗಸರನ್ನು ಕೇಳಿದರೆ ಕತೆ ಹೆಚ್ಚುಕಡಿಮೆ ಒಂದೇ. ಕೆಳಗೆ ಏನೋ ಉಂಡೆ ತಾಗುತ್ತದೆ, ಕೆಮ್ಮಿದರೆ ಮೂತ್ರ ಹೋಗುತ್ತದೆ. ಕೂಡುವಾಗಲೂ ಮೂತ್ರ ಜಿನುಗಬಹುದು, ಅದಕ್ಕೇ ಎಷ್ಟೋ ಮಂದಿ ಗಂಡನನ್ನು ದೂರ ಇಡುತ್ತಾರೆ. ಕಾರಣ ಹೇಳುವುದಿಲ್ಲ, ಗಂಡ ಬೇರೇನೋ ತಿಳಿಯುತ್ತಾನೆ.

ಹುಣ್ಣಾಗಿಲ್ಲದಿದ್ದರೆ ಕೂಡುವುದರಿಂದ ಅಪಾಯವಿಲ್ಲ. ಮಲಗಿದಾಗ ಬಹುಪಾಲು ಮಂದಿಗೆ ಅದು ತಾನೇ ಒಳಗೆ ಹೋಗುತ್ತದೆ. ಸ್ವಲ್ಪ ಜಾರಿದ್ದರೆ ಕೆಗೆಲ್ ವ್ಯಾಯಾಮ ಸಹಾಯಕ್ಕೆ ಬರುತ್ತದೆ: ಮೂತ್ರ ತಡೆಯುವಾಗ ಬಿಗಿಯುತ್ತೀರಲ್ಲ, ಆ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿದು ಬಿಡುವುದು, ಸಲಕ್ಕೆ ಹತ್ತು, ದಿನಕ್ಕೆ ಮೂರು ಹೊತ್ತು. ರೊಟ್ಟಿ ಬಡಿಯುತ್ತ ಕೂತಾಗಲೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಆಪರೇಷನ್ ಬೇಡ ಎನ್ನುವವರಿಗೆ ರಬ್ಬರಿನ ಬಳೆಯಂಥ ಪೆಸರಿ ಒಳಗೆ ಕೂಡಿಸುತ್ತೇವೆ, ಅದನ್ನು ತೆಗೆದು ಹಾಕಲು ಕಲಿಯಬಹುದು.

ಮುಟ್ಟು ನಿಂತ ಮೇಲೂ ಆಸೆ ಇರುವುದು ತಪ್ಪೇ?

ಬೀದರ್ ಕಡೆಯ ಒಬ್ಬ ಅವ್ವ, ಐವತ್ತೆರಡು ವರ್ಷ, ಇದನ್ನು ಕೇಳುವಾಗ ಅಳುತ್ತಿದ್ದರು. "ಸೊಸಿ ಬಂದಾಳ ಮನ್ಯಾಗ, ನಂಗಿದು ಯಾತಕ್ಕ ಬೇಕಿತ್ತು?" ಎಂದರು. ತಪ್ಪಲ್ಲ, ಅವ್ವಾ. ನಮ್ಮ ದೇಶದಲ್ಲಿ ಸರಾಸರಿ ನಲವತ್ತಾರು, ನಲವತ್ತೇಳಕ್ಕೆ ಮುಟ್ಟು ನಿಲ್ಲುತ್ತದೆ. ಅಲ್ಲಿಂದ ಮುಂದೆ ಇನ್ನೂ ಇಪ್ಪತ್ತು ಮೂವತ್ತು ವರ್ಷದ ಬಾಳು ಇದೆ.

ಈಸ್ಟ್ರೋಜನ್ ಕಡಿಮೆಯಾದಾಗ ಯೋನಿಯ ಚರ್ಮ ತೆಳುವಾಗುತ್ತದೆ, ಒಣಗುತ್ತದೆ, ಸಣ್ಣ ಸಣ್ಣ ಸೀಳು ಬಿಡುತ್ತದೆ, ಮೇಲಿಂದ ಮೇಲೆ ಉರಿಮೂತ್ರ ಬರುತ್ತದೆ. ಇದು ತಾನಾಗಿ ಸರಿಹೋಗುವುದಿಲ್ಲ, ಆದರೆ ಚಿಕಿತ್ಸೆ ಬಹಳ ಸುಲಭ. ಕೂಡುವಾಗ ಜೆಲ್, ಮತ್ತು ವೈದ್ಯರು ಬರೆದುಕೊಟ್ಟ ಈಸ್ಟ್ರೋಜನ್ ಕ್ರೀಮನ್ನು ಒಳಗೆ ಹಚ್ಚುವುದು. ಆರಾಮ ತಿಳಿಯಲು ಕೆಲವು ವಾರ ಬೇಕು. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಬೇಕು. ಹೊರಚರ್ಮ ಬೆಳ್ಳಗೆ, ಕಾಗದದಂತೆ ಆಗಿ ರಾತ್ರಿಯೆಲ್ಲ ತುರಿಸುತ್ತಿದ್ದರೆ ಅದು ಬೇರೆ ಬೇನೆ, ಅದಕ್ಕೆ ಬೇರೆ ಮುಲಾಮು. ನೋಡದೆ ಹಚ್ಚಬೇಡಿ.

ಕೂಡಿದ ಮೇಲೆ ರಕ್ತ ಕಾಣಿಸಿದರೆ?

ತಡ ಮಾಡದೆ ಬನ್ನಿ. ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಸಣ್ಣ ಬಾವು, ಸಣ್ಣ ಗಂಟು ಇರಬಹುದು, ಹೆಚ್ಚಿನ ಸಲ ಅಷ್ಟೇ ಆಗಿರುತ್ತದೆ. ಆದರೆ ಗರ್ಭಕೊರಳಿನ ಕ್ಯಾನ್ಸರ್ ಕೊಡುವ ಮೊದಲ ಸೂಚನೆಗಳಲ್ಲಿ ಇದೂ ಒಂದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಹನಿ ರಕ್ತ ಕಂಡರೂ ತೋರಿಸಬೇಕು. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಕೊರಳಿಗೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ನೋಡುವ ಪರೀಕ್ಷೆ ಇದೆ, ಕೆಲವೇ ನಿಮಿಷದ್ದು. ಹೆಣ್ಣುಮಕ್ಕಳಿಗೆ 9ರಿಂದ 14ರ ನಡುವೆ, ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಾಣುವನ್ನು ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದರೆ ಹೆಚ್ಚು ಫಲ.

ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ ತೆಗೆದುಕೊಂಡವರಿಗೆ ಯೋನಿ ಕಿರಿದಾಗಿ ಅಂಟಿಕೊಳ್ಳಬಹುದು. ಡೈಲೇಟರ್ ಬಳಸಲು ಯಾವಾಗ ಶುರುಮಾಡಬೇಕು ಎಂದು ಚಿಕಿತ್ಸೆ ಮುಗಿಯುವ ಮೊದಲೇ ಕೇಳಿ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ, ಬೆಂಗಳೂರಿಗೇ ಹೋಗಬೇಕಿಲ್ಲ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂಟುತ್ತದೆಂದು ಗಂಡ ಬೇರೆ ಮಲಗಿದ ಮನೆಗಳಿವೆ, ಅದಕ್ಕೇ ಹೇಳುತ್ತಿದ್ದೇನೆ.

"ನೋವಿಲ್ಲ, ಏನಿಲ್ಲ. ಮನಸ್ಸೇ ಬರವಲ್ದು."

ಮೊದಲು ರಕ್ತ ಪರೀಕ್ಷೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49ರ ಹೆಂಗಸರಲ್ಲಿ 57 ಪ್ರತಿಶತ ಮಂದಿಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ ಏಳು ಇಟ್ಟುಕೊಂಡು ದಿನವಿಡೀ ಹತ್ತಿ ಬಿಡಿಸಿ ಬಂದವಳಿಗೆ ರಾತ್ರಿ ಬೇಕಾದದ್ದು ನಿದ್ದೆ. ಥೈರಾಯ್ಡ್, ಸಕ್ಕರೆ, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳೂ ಆಸೆ ತಗ್ಗಿಸುತ್ತವೆ. ಗುಳಿಗೆ ನೀವೇ ನಿಲ್ಲಿಸಬೇಡಿ, ಬದಲಿಸಲು ಕೇಳಿ.

ರಕ್ತ ಪರೀಕ್ಷೆಯಲ್ಲಿ ಕಾಣದ ಕಾರಣಗಳೂ ಇವೆ. ಗಂಡ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿ ಪಂಚಮಿಗೋ ಯುಗಾದಿಗೋ ನಾಲ್ಕು ದಿನ ಬರುತ್ತಾನೆ. ಒಂದೇ ಕೋಣೆಯ ಮನೆ, ಮಗ್ಗುಲಲ್ಲಿ ಮಕ್ಕಳು, ಅವಸರ. ಮಾತಿಲ್ಲ, ಮುಟ್ಟುವುದಿಲ್ಲ, ಮುಗಿಯಿತು. ದೇಹ ಒದ್ದೆಯಾಗಲು, ಸಡಿಲಾಗಲು ಹೊತ್ತು ಬೇಕು. ಹೆಂಗಸಿನ ಸುಖದ ಮುಖ್ಯ ಜಾಗ ಯೋನಿಯ ಒಳಗಿಲ್ಲ, ಮೇಲುಗಡೆ ಮೂತ್ರದ್ವಾರದ ಮೇಲಿರುವ ಸಣ್ಣ ಮೊಗ್ಗಿನಂಥ ಚಂದ್ರನಾಡಿಯಲ್ಲಿದೆ. ಬರೀ ಒಳಗೆ ಹೋಗಿ ಬಂದರೆ ಬಹಳಷ್ಟು ಹೆಂಗಸರಿಗೆ ತೃಪ್ತಿ ಸಿಗುವುದಿಲ್ಲ. ನಾಲ್ಕು ಮಕ್ಕಳ ತಾಯಂದಿರೂ ಇದನ್ನು ಮೊದಲ ಸಲ ನನ್ನ ಕೋಣೆಯಲ್ಲಿ ಕೇಳಿದ್ದಾರೆ.

"ಬ್ಯಾಡಂದ್ರ ಹೊಡಿತಾರ."

ಬೇನೆ ಇದ್ದರೂ ಇಲ್ಲದಿದ್ದರೂ ಬೇಡ ಎನ್ನುವ ಹಕ್ಕು ನಿಮ್ಮದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. 181 ಮಹಿಳಾ ಸಹಾಯವಾಣಿಗೆ ಹಗಲು-ರಾತ್ರಿ ಫೋನ್ ಮಾಡಬಹುದು. ಹಿಂಸೆಗೆ ಸಿಲುಕಿದ ಹೆಂಗಸರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಉಳಿಯಲು ಜಾಗ, ವಕೀಲರ ಸಹಾಯ ಸಿಗುತ್ತದೆ. ನನ್ನಂಥ ವೈದ್ಯರ ಮುಂದೆ ಹೇಳಿದರೆ ಗಾಯಗಳನ್ನು ಬರೆದಿಡುತ್ತೇವೆ, ಅದು ಮುಂದೆ ನಿಮ್ಮ ಕೈಗೆ ಆಧಾರವಾಗುತ್ತದೆ.

ಆಸ್ಪತ್ರೆಗೆ ಬಂದರೆ ಏನು ಮಾಡುತ್ತಾರೆ? ಹೇಗೆ ಹೇಳಲಿ?

ಮೊದಲು ಮಾತು. ಅತ್ತೆ, ಗಂಡ, ಮಗಳು ಯಾರೇ ಬಂದಿರಲಿ, "ನಾ ಒಬ್ಬಾಕಿನೇ ಮಾತಾಡ್ತೀನಿ" ಎಂದು ನರ್ಸಿಗೆ ಹೇಳಿ, ಅವರು ಹೊರಗೆ ಕಳಿಸುತ್ತಾರೆ. ಪರೀಕ್ಷೆಗೆ ಐದು ನಿಮಿಷ ಬೇಕು. ಸೊಂಟದ ಮೇಲೆ ಬಟ್ಟೆ ಹೊದಿಸುತ್ತಾರೆ, ಒಬ್ಬ ಹೆಂಗಸು ಜೊತೆಗಿರಬೇಕೆಂದು ಕೇಳುವುದು ನಿಮ್ಮ ಹಕ್ಕು, ನೋವಾದರೆ "ನಿಲ್ಲಸ್ರಿ" ಎಂದರೆ ನಿಲ್ಲಿಸಲೇಬೇಕು. ಮದುವೆಯಾಗದ ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತೇವೆ, ಒಳಪರೀಕ್ಷೆ ಇಲ್ಲ.

ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ತನ್ನಿ. ಓದು-ಬರಹ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಅವಳನ್ನು ಕರೆದುಕೊಂಡು ಬನ್ನಿ. "ಕೂಡುವಾಗ ತ್ರಾಸ ಆಗ್ತದ" ಎಂಬ ಒಂದೇ ಸಾಲು ಸಾಕು, ಉಳಿದದ್ದನ್ನು ಕೇಳುವುದು ನಮ್ಮ ಕೆಲಸ. ಮುಟ್ಟಿನ ದಿನಗಳನ್ನು ಬಿಟ್ಟು ಬಂದರೆ ಪರೀಕ್ಷೆ ಸುಲಭ, ಆದರೆ ರಕ್ತ ನಿಲ್ಲದೆ ಹೋಗುತ್ತಿದ್ದರೆ ಯಾವ ದಿನವಾದರೂ ಬನ್ನಿ. ಹಳೆಯ ಸ್ಕ್ಯಾನಿಂಗ್ ಕಾಗದ, ಆಪರೇಷನ್ ಚೀಟಿ, ನುಂಗುತ್ತಿರುವ ಗುಳಿಗೆಗಳ ಪಟ್ಟಿ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಳ್ಳಿ. ಒಪಿಡಿ ಚೀಟಿ ಬೆಳಿಗ್ಗೆ ಮಾಡಿಸಬೇಕು, ಆದ್ದರಿಂದ ದೂರದ ಊರಿನವರು ಮೊದಲ ಬಸ್ಸಿಗೇ ಹೊರಡಿ.